ನೆರಳಜ್ಜನನ್ನು ಕರೆದವರು ಯಾರು?

ಬೆಳ್ಳಾರೆಯ ಅಕ್ಕು ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ. ಮಡಿಲಿಗೆ ಬೀಡಿಯ ಮೊರ ಬಂದದ್ದೂ ಅದೇ ವರ್ಷ. ಕೈಗೆ ಕೆಲಸ ಸಿಕ್ಕಿತು, ತಲೆಗೆ ಸಿಗಲಿಲ್ಲ. ಎಲೆ ಕತ್ತರಿಸಿ, ತಂಬಾಕು ಉದುರಿಸಿ, ಸುರುಳಿ ಸುತ್ತಿ, ನೂಲು ಕಟ್ಟುವುದಕ್ಕೆ ತಲೆ ಯಾಕೆ ಬೇಕು? ಬೆರಳುಗಳು ತಮ್ಮಷ್ಟಕ್ಕೆ ಮಾಡಿಕೊಂಡು ಹೋಗುತ್ತವೆ. ಹಾಗೆ ಬಿಡುವಾಗಿ ಕೂತ ತಲೆಯೊಳಗೆ ಅವಳು ಏನೇನು ತುಂಬಿಕೊಂಡಳೋ, ಮದುವೆಯಾಗಿ ಮರದ ಮಿಲ್ಲಿನ ಡೊಂಬಯ್ಯನ ಮನೆ ಸೇರುವ ಹೊತ್ತಿಗೆ ಅಲ್ಲೊಂದು ಇಡೀ ಸೀಮೆಯೇ ತಯಾರಾಗಿತ್ತು. ಪಾಪ, ಡೊಂಬಯ್ಯನಿಗೆ ಇದು ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅವನು ಹೆಚ್ಚೇನೂ ಹೇಳಲಿಲ್ಲ.

ಎಪ್ಪತ್ತೆಂಟನೇ ಇಸವಿಯ ಸುಮಾರಿಗೆ ಡೊಂಬಯ್ಯನ ಕೇರಿಯ ಬೀಡಿ ಕಟ್ಟುವ ಹೆಂಗಸರು ಮಧ್ಯಾಹ್ನ ಸೇರುತ್ತಿದ್ದದ್ದು ಸುಂದರಿಯಕ್ಕನ ಜಗಲಿಯಲ್ಲಿ. ರಸ್ತೆ ಬದಿಯ ದೊಡ್ಡ ಮನೆ, ಬೆಳಕಿಗೂ ಗಾಳಿಗೂ ಬರವಿಲ್ಲ. ಸುಂದರಿಯಕ್ಕ ಗದ್ದೆಯೂ ಗುತ್ತಿನ ಹಿರೇತನವೂ ಇದ್ದ ಮನೆತನದ ವಿಧವೆ, ಅರುವತ್ತರ ಹತ್ತಿರದವಳು. "ಕೂತ್ಕೊಳ್ಳಿ ಮಾರಾಯ್ತಿಯರೇ, ಜಗಲಿ ಎಂತ ಸವೆದು ಹೋಗುದಿಲ್ಲ" ಎಂದು ಜಾಗ ಕೊಟ್ಟವಳು ತಾನು ಮಾತ್ರ ಹೊಸ್ತಿಲು ದಾಟಿ ಅವರ ಬಳಿ ಕೂರುತ್ತಿರಲಿಲ್ಲ. ಒಡತಿ ಬೀಡಿಯವರ ಚಾಪೆಯಲ್ಲಿ ಕೂತರೆ ಊರು ಏನು ಹೇಳೀತು? ಊರಿಗೆ ತಮ್ಮನ್ನು ನೋಡುವುದು ಬಿಟ್ಟು ಬೇರೆ ಕೆಲಸವಿಲ್ಲ ಎಂದೇ ಇಂಥ ಮನೆಗಳವರು ನಂಬಿರುತ್ತಾರೆ.

ಆಟ ಹುಟ್ಟಿದ್ದು ನಿದ್ದೆಯಿಂದ. ಒಂದು ಮಧ್ಯಾಹ್ನ ಐಸಮ್ಮ ತೂಕಡಿಸಿ ಕತ್ತರಿಯನ್ನು ಹೆಬ್ಬೆರಳಿಗೇ ಹಾಕಿಕೊಂಡಳು. ರಕ್ತ ಒರೆಸಿ ಬಟ್ಟೆ ಕಟ್ಟಿದ ಅಕ್ಕು, "ಇನ್ನು ತೂಕಡಿಸಿದವಳ ಕೋಟೆಯನ್ನು ನಾನು ತಗೊಳ್ತೇನೆ" ಎಂದಳು.

"ಯಾವ ಕೋಟೆ?"

"ನಿನಗೊಂದು ಕೋಟೆ ಉಂಟು ಐಸಮ್ಮ. ನಿನಗೆ ಗೊತ್ತಿಲ್ಲ, ಅಷ್ಟೇ."

ಐಸಮ್ಮನ ನಿದ್ದೆ ಹಾರಿಹೋಯಿತು. ಹುಟ್ಟಿದಾಗಿನಿಂದ ಸೋರುವ ಮಾಡಿನ ಕೆಳಗೆ ಮಲಗಿದವಳಿಗೆ ಇದ್ದಕ್ಕಿದ್ದ ಹಾಗೆ ಕೋಟೆ ಇದೆ ಎಂದರೆ ಹೇಗಾಗಬೇಡ! ಎಷ್ಟು ಬಾಗಿಲು, ಬಾವಿ ಉಂಟಾ, ಅಡಿಗೆಮನೆ ಎಲ್ಲಿ ಎಂದು ಅವಳು ಕೇಳುತ್ತಾ ಹೋದಳು, ಅಕ್ಕು ಹೇಳುತ್ತಾ ಹೋದಳು. ಎರಡು ದಿನದಲ್ಲಿ ಸುಳ್ಯದ ಕಡೆಯಿಂದ ಮದುವೆಯಾಗಿ ಬಂದ ಕಮಲಾವತಿಗೂ ಕೋಟೆ ಬಂತು, ಅವಳ ಪಕ್ಕದ ಶೀಲಾವತಿಗೂ ಬಂತು. ಕೋಟೆ ಬಂದ ಮೇಲೆ ಯುದ್ಧ ಬಾರದೆ ಇರುತ್ತದೆಯೇ? ಕೈಗಳು ಬೀಡಿಯಲ್ಲಿ, ಯುದ್ಧವೆಲ್ಲ ಬಾಯಲ್ಲಿ.

ಆದರೆ ಆಟದ ಜೀವ ಇದ್ದದ್ದು ಯುದ್ಧದಲ್ಲಲ್ಲ, ಎತ್ತರದವರಲ್ಲಿ. ಆ ಸೀಮೆಯ ಆಚೆ ಬೆಟ್ಟಗಳ ಹಿಂದೆ ದೇವರಂಥವರು ಕೆಲವರು ಇದ್ದಾರೆ, ಅವರನ್ನು ಎತ್ತರದವರು ಎನ್ನುತ್ತಾರೆ ಎಂದು ಅಕ್ಕು ಹೇಳಿದಾಗ ಜಗಲಿಯಲ್ಲಿ ಕತ್ತರಿಗಳೂ ನಿಂತುಬಿಟ್ಟಿದ್ದವು. ನಡೆದಲ್ಲೆಲ್ಲ ನೆಲವನ್ನು ಉಪ್ಪಾಗಿಸುವ ಉಪ್ಪಿನ ರಾಣಿ. ಬರುವುದಕ್ಕೆ ಮೊದಲೇ ನೆರಳನ್ನು ಮುಂದೆ ಕಳಿಸುವ ನೆರಳಜ್ಜ. ಎಲ್ಲಿದ್ದವರನ್ನೂ ಎತ್ತಿ ಬೇಕಾದಲ್ಲಿಗೆ ತಂದು ಕೂರಿಸುವುದು ಅವನಿಗೆ ಎಡಗೈ ಕೆಲಸ. ಊರಿನ ದೈವದೇವರ ಹೆಸರನ್ನು ಮಾತ್ರ ಯಾರೂ ಆಟದಲ್ಲಿ ಎತ್ತುವ ಹಾಗಿಲ್ಲ. ಆ ಮಾತಿನಲ್ಲಿ ಅಕ್ಕು ಬಹಳ ಖಡಕ್ಕು. ಹಾಗಾಗಿಯೇ ಮುಸ್ಲಿಮರ ಮನೆಯ ಐಸಮ್ಮನೂ ಮನಸ್ಸಿನಲ್ಲಿ ಅಳುಕಿಲ್ಲದೆ ಆಡುತ್ತಿದ್ದಳು.

ಎತ್ತರದವರನ್ನು ಕರೆಯುವುದು ಸುಲಭವಲ್ಲ. ಒಂದು ಬೀಡಿ ಸುತ್ತಿ ನೂಲು ಕಟ್ಟುವುದರೊಳಗೆ ಅವರ ಮನೆಯ ದಾರಿಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಕು: ಬೂದಿಗುಡ್ಡ ಏರಿ, ಕುರುಡುಹೊಳೆ ದಾಟಿ, ಬಾಗಿಲಿಲ್ಲದ ಊರು ಹೊಕ್ಕು, ಮೆಟ್ಟಲಿಲ್ಲದ ಗೋಪುರ ಹತ್ತಿ... ಎಲೆ ಹರಿದರೆ, ನೂಲು ತುಂಡಾದರೆ ಕರೆದದ್ದು ದಂಡ. ದಾರಿ ಮುಟ್ಟಿದರೂ ಸಾಲದು, ಬಿಟ್ಟುಕೊಡಲು ಮನಸ್ಸೇ ಇಲ್ಲದಂಥ ಏನನ್ನಾದರೂ ಬಿಟ್ಟುಕೊಡಬೇಕು. ಆಗ ಎತ್ತರದವರು ಬರುತ್ತಾರೆ. ಎಲ್ಲಿಗೆ? ಎದುರು ಕೂತವಳ ಬಾಯಿಗೆ! ಅವಳು ಆಮೇಲೆ ಅವಳಲ್ಲ. ಕೇಳಿದ ಒಂದು ಕೆಲಸ ಮಾಡಿಕೊಡುತ್ತಾರೆ, ಎರಡನೆಯದು ಇಲ್ಲ.

ಕಳಿಸುವುದು ಇನ್ನೂ ಕಷ್ಟ. ಕರೆದವಳೇ ಕಳಿಸಬೇಕು, ಬೇರೆಯವರಿಂದ ಆಗುವುದಿಲ್ಲ. ಸಂಜೆ ಮೊರ ಎತ್ತುವ ಮೊದಲು ಅವಳು "ಬಂದ ದಾರಿ ನೆನಪುಂಟಾ?" ಎಂದು ಕೇಳುತ್ತಾಳೆ. "ಉಂಟು. ಕರೆದದ್ದು ಯಾಕೆ, ಈಗ ಹೇಳು" ಎನ್ನುತ್ತದೆ ಎದುರಿನ ಬಾಯಿ. ಮೊದಲು ಕೇಳಿಕೊಂಡದ್ದನ್ನೇ ಹೇಳಿದರೆ ನಡೆಯುವುದಿಲ್ಲ, ಒಳಗೆ ನಿಜವಾಗಿ ಬೇಕಾಗಿದ್ದದ್ದನ್ನು ಹೇಳಬೇಕು. ಸುಳ್ಳು ಹೇಳಿದರೆ ಅವರು ಹೋಗುವುದೇ ಇಲ್ಲ.

ಒಮ್ಮೆ ಕಮಲಾವತಿ ತನ್ನ ಮೂರು ಕುದುರೆ ಬಿಟ್ಟುಕೊಟ್ಟು ಉಪ್ಪಿನ ರಾಣಿಯನ್ನು ಕರೆದು ಐಸಮ್ಮನ ಕೋಟೆಯನ್ನು ಉಪ್ಪಿನ ಗುಡ್ಡೆ ಮಾಡಿಬಿಟ್ಟಳು. ಕಳಿಸುವಾಗ "ನನ್ನ ಕೋಟೆ ಉಳಿಸಲಿಕ್ಕೆ" ಎಂದಳು. "ಸುಳ್ಳು!" ಎಂದು ಗುಡುಗಿದಳು ಎದುರು ಕೂತ ಶೀಲಾವತಿ. ಕಮಲಾವತಿ ತಿಣುಕಾಡಿ ತಿಣುಕಾಡಿ ಕೊನೆಗೆ, "ಇವಳು ನನ್ನ ಹೊಸ ಕತ್ತರಿಯನ್ನು ಕೇಳದೆ ತಗೊಂಡದ್ದಕ್ಕೆ!" ಎಂದಳು. ಜಗಲಿಯೇ ಹಾರಿಹೋಗುವಂಥ ನಗು. ಐಸಮ್ಮ ನಗುತ್ತಲೇ ಕತ್ತರಿ ಹಿಂದೆ ಕೊಟ್ಟಳು. ಬಸ್ಸಿಗೆ ನಿಂತವರೂ ಏನಾಯಿತೆಂದು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಹೀಗೆ ಎರಡು ವರ್ಷ ನಡೆಯಿತು. ಅಕ್ಕುವಿನ ಹೆಮ್ಮೆ ಕೇಳಬೇಡಿ. ಉಟ್ಟ ಸೀರೆಯಿಂದ ಹಿಡಿದು ಅನ್ನ ಬೇಯಿಸುವ ಪಾತ್ರೆಯವರೆಗೆ ಅವಳದೆಂಬುದೆಲ್ಲ ಇನ್ನೊಬ್ಬರು ಮಾಡಿದ್ದು. ಕಟ್ಟಿದ ಬೀಡಿಯೂ ಯಾರೋ ಸೇದಿ ಬಿಸಾಡುವಂಥದು. ಈ ಸೀಮೆಯೊಂದೇ ಅವಳು ಮಾಡಿ ಅವಳದಾಗಿ ಉಳಿದದ್ದು.

ಆಮೇಲೆ ಸುಂದರಿಯಕ್ಕನ ಹಸು ಒದೆಯತೊಡಗಿತು.

ಹಾಲು ಕರೆಯಲು ಕೂತರೆ ಚೆಂಬು ಅಂಗಳಕ್ಕೆ. ಸುಂದರಿಯಕ್ಕನೂ ಸೊರಗಿದಳು. ಮಟಮಟ ಮಧ್ಯಾಹ್ನ ಅಂಗಳದಲ್ಲಿ ಗಿಡುಗದ ನೆರಳು ಸರಿದು ಹೋದರೆ ಸೆರಗು ಬಾಯಿಗೆ ಒತ್ತಿ ಒಳಗೆ ಓಡುತ್ತಿದ್ದಳು. ಎಲೆ ಅಡಿಕೆ ಇಲ್ಲದೆ ಅರೆಗಳಿಗೆ ಇರಲಾರದವಳು ಅದನ್ನೂ ಬಿಟ್ಟಳು. ಪುತ್ತೂರಿನ ದರ್ಬೆಯಲ್ಲಿ ಅಂಗಡಿ ಇಟ್ಟಿದ್ದ ಅವಳ ತಮ್ಮ ತ್ಯಾಂಪಣ್ಣ ಆದಿತ್ಯವಾರ ಬಸ್ಸಿಳಿದು ಬಂದಾಗ ಅಕ್ಕನ ಮುಖ ನೋಡಿ ಗಾಬರಿಯಾದ. "ಮನೆಗೆ ಎಂತದೋ ಬಂದಿದೆ ತ್ಯಾಂಪಾ" ಎಂದಷ್ಟೇ ಹೇಳಿದಳು ಅವಳು.

ತ್ಯಾಂಪಣ್ಣ ಕುಟುಂಬದ ನೇಮದಲ್ಲಿ, ದೈವ ಮೈಮೇಲೆ ಬಂದವನ ಎದುರು ನಿಂತು ನುಡಿ ಕೇಳುವವನು. ಇಂಥದರಲ್ಲಿ ಅವನಿಗೆ ಅನುಮಾನವೆಂಬುದೇ ಇಲ್ಲ. ಜಗಲಿಯ ಆಟದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಹೆಂಗಸರನ್ನೆಲ್ಲ ಕರೆಸಿ ಜಗಲಿಯ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತ.

"ಹೆಸರಿಟ್ಟು ದಿನಾ ಕರೆದ್ರೆ ಯಾವುದಾದ್ರೂ ಬಾರದೆ ಇರ್ತದಾ? ಬಂದದ್ದು ಈಗ ನೆಲೆ ಕೇಳ್ತಾ ಉಂಟು. ನಾಡಿದ್ದು ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸ್ತೇನೆ. ಅವರು ಹೇಳಿದಲ್ಲಿ ಕಲ್ಲು ಹಾಕಿ, ಅದಕ್ಕೆ ನೆಲೆ ಮಾಡಿ, ವರ್ಷ ವರ್ಷ ತಂಬಿಲದ ಪೂಜೆ ಕೊಡುದು. ಇನ್ನು ಈ ಆಟ ಬಂದ್."

ಅಕ್ಕುವಿಗೆ ಆಟ ನಿಲ್ಲುವುದಕ್ಕಿಂತ ಹೆಚ್ಚು ಉರಿದದ್ದು ಆ ಕಲ್ಲಿನ ಮಾತಿಗೆ. ನೆರಳಜ್ಜನನ್ನು ಕಲ್ಲಿಗೆ ಕಟ್ಟಿ ಹಾಕಿದರೆ ನಾಳೆಯಿಂದ ಜನ ಅವನ ಮುಂದೆ ಅಡ್ಡ ಬೀಳುತ್ತಾರೆ, ಹರಕೆ ಹೊರುತ್ತಾರೆ, ಹೆದರುತ್ತಾರೆ. ಅವನ ಜೊತೆ ನಗುವವರು ಯಾರು? ಅವನು ಬರುವಾಗ ಐಸಮ್ಮ ಖುಷಿಯಿಂದ ಕಿರುಚುವುದುಂಟೇ? ಕಲ್ಲು ಬಿದ್ದರೆ ಸೀಮೆಯೂ ಮುಗಿದಂತೆಯೇ. "ಎಲ್ಲ ನಾನು ಕಟ್ಟಿದ ಸುಳ್ಳು" ಎಂದು ಒಂದು ಮಾತು ಹೇಳಿಬಿಡಬಹುದಿತ್ತು. ಆದರೆ ಆ ಮಾತು ಅವಳ ಬಾಯಿಗೆ ಬರಲಿಲ್ಲ, ಬರುವುದೂ ಬೇಡವಾಗಿತ್ತು.

"ಕಲ್ಲಿನ ಕ್ರಮ ಆ ಸೀಮೆಯಲ್ಲಿಲ್ಲ ತ್ಯಾಂಪಣ್ಣ" ಎಂದಳು. "ನಿಮ್ಮ ದೈವಕ್ಕೊಂದು ಕಟ್ಟಳೆ ಉಂಟಲ್ವಾ? ನನ್ನ ಎತ್ತರದವರಿಗೂ ಉಂಟು. ನಾವು ಕರೆದವರನ್ನೆಲ್ಲ ಆಯಾ ಸಂಜೆಯೇ ಕಳಿಸಿದ್ದೇವೆ. ಯಾರಾದ್ರೂ ಉಳಿದಿದ್ರೆ ಅದು ಬೇರೆ ಯಾರೋ ಕರ್ದದ್ದು. ಕರ್ದವರೇ ಕಳಿಸ್ಬೇಕು. ಜೋಯಿಸರಿಂದ ಆಗುದಿಲ್ಲ."

"ಬೇರೆ ಯಾರು ಕರೀತಾರೆ? ನಿನ್ನ ಗಂಡನಾ?"

"ನಾನು ಕರ್ದದ್ದು" ಎಂಬ ದನಿ ಕೇಳಿತು.

ಎಲ್ಲರ ಕತ್ತೂ ಒಟ್ಟಿಗೆ ತಿರುಗಿತು. ಹೊಸ್ತಿಲ ಒಳಗೆ ಬಾಗಿಲ ದಾರಂದದ ಚೌಕಟ್ಟು ಹಿಡಿದು ಸುಂದರಿಯಕ್ಕ ನಿಂತಿದ್ದಳು.

ಎರಡು ವರ್ಷ ಬಾಗಿಲ ಹಿಂದೆ ಅಕ್ಕಿ ಕೇರುತ್ತಾ ಆಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ದಾರಿ ಬಾಯಿಪಾಠವಾಗಿತ್ತು. ಜಗಲಿಯಲ್ಲಿ ಬಿದ್ದಿದ್ದ ಎಲೆ, ನೂಲು ಹೆಕ್ಕಿ, ಹಿತ್ತಿಲ ಬಾಗಿಲಲ್ಲಿ ಕೂತು, ಜೀವಮಾನದಲ್ಲಿ ಮೊದಲ ಬಾರಿ ಒಂದು ಬೀಡಿ ಸುತ್ತಿ, ಒಂದೇ ಉಸಿರಿನಲ್ಲಿ ನೆರಳಜ್ಜನನ್ನು ಕರೆದುಬಿಟ್ಟಿದ್ದಳು. ಜಗಲಿಯಲ್ಲಿ ತನ್ನ ಹೆಸರಿಗೆ ಕೋಟೆ ಕುದುರೆ ಯಾರೂ ಕೊಟ್ಟಿರದಿದ್ದರಿಂದ ಎಲೆ ಅಡಿಕೆಯನ್ನೇ ಬಿಟ್ಟುಕೊಟ್ಟಿದ್ದಳು. ಕಳಿಸುವ ಕ್ರಮ ಮಾತ್ರ ಗೊತ್ತಿರಲಿಲ್ಲ. ಸಂಜೆ ಜಗಲಿಯಲ್ಲಿ ಎತ್ತರದವರನ್ನು ಕಳಿಸುವ ಹೊತ್ತಿಗೆ ಆಕೆ ಯಾವಾಗಲೂ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದಳಲ್ಲ! ಮರುದಿನವೇ ಹಸು ಒದ್ದಿತ್ತು. ಅಂದಿನಿಂದ ಮನೆಯಲ್ಲಿ ನೆರಳಜ್ಜನಿದ್ದಾನೆಂದು ಆಕೆಗೆ ಊಟ ಸೇರಿರಲಿಲ್ಲ.

ತ್ಯಾಂಪಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು. ಅಕ್ಕುವಿಗಾದರೋ ಮೈಯೆಲ್ಲ ಜುಮ್ಮೆಂದಿತು. ಸುಂದರಿಯಕ್ಕ ಕರೆದದ್ದು! ಅದೂ ಸರಿಯಾಗಿ ಕರೆದದ್ದು!

"ಹೆದರ್ಬೇಡಿ ಸುಂದರಿಯಕ್ಕ, ಈಗಲೇ ಕಳಿಸುವ. ಎದುರು ಇದ್ದವರ ಬಾಯಿಗೆ ಬರ್ತಾನೆ ಅವನು" ಎಂದು ಅಕ್ಕು ತಿರುಗಿ ನೋಡಿದಳು. ಬಾಗಿಲಿಗೆ ನೇರ ಎದುರು, ಕುರ್ಚಿಯಲ್ಲಿ, ತ್ಯಾಂಪಣ್ಣ.

"ನಾನಾ? ಬಿಡು, ಬಿಡು! ನನಗೆಂತ ಹುಚ್ಚಾ?"

"ನಿಮ್ಮ ಅಕ್ಕನಿಗೆ ಊಟ ಸೇರ್ಬೇಕಾ ಬೇಡ್ವಾ?" ಎಂದಳು ಐಸಮ್ಮ. ಹೇಳಬೇಕಾದ ಮಾತನ್ನು ಬಗ್ಗಿ ಅವನ ಕಿವಿಯಲ್ಲಿ ಉಸುರಿದಳು. ತ್ಯಾಂಪಣ್ಣ ಅಕ್ಕನ ಕಡೆ ನೋಡಿದ. ಅವನು ಎದ್ದುನಿಂತ, ಶಾಲು ಕೊಡವಿ ಹೆಗಲಿಗೆ ಹಾಕಿದ.

"ಬಂದ ದಾರಿ ನೆನಪುಂಟಾ?" ಎಂದಳು ಸುಂದರಿಯಕ್ಕ, ಅಕ್ಕು ಹೇಳಿಕೊಟ್ಟಂತೆ.

"ಉಂಟು!" ಎಂದ ತ್ಯಾಂಪಣ್ಣ. ಅಬ್ಬಾ, ಏನು ದನಿ! ವರ್ಷಗಟ್ಟಲೆ ದೈವದ ನುಡಿ ಕೇಳಿದ ಕಿವಿಯಲ್ಲವೇ, ಬೇಡವೆಂದರೂ ಗಂಟಲಿಗೆ ಗತ್ತು ಬಂದೇ ಬಂತು. ಶೀಲಾವತಿ ಕಮಲಾವತಿಯ ತೋಳು ಹಿಡಿದುಕೊಂಡಳು. "ಬೂದಿಗುಡ್ಡ ಇಳಿದು ಬಂದಿದ್ದೇನೆ. ಕರೆದದ್ದು ಯಾಕೆ, ಈಗ ಹೇಳು!"

"ಮನೆಗೆ ಒಳ್ಳೇದಾಗ್ಲಿ ಅಂತ..."

ತ್ಯಾಂಪಣ್ಣ ಅಕ್ಕನ ಮುಖವನ್ನು ದಿಟ್ಟಿಸಿದ. ಚಿಕ್ಕಂದಿನಿಂದ ಕಂಡ ಮುಖ, ಅದರಲ್ಲಿ ಸುಳ್ಳು ಎಲ್ಲಿ ಕೂರುತ್ತದೆಂದು ಅವನಿಗೆ ಗೊತ್ತಿಲ್ಲವೇ?

"ಸುಳ್ಳು!" ಎಂದ. ಈ ಸಲ ದನಿಯಲ್ಲಿ ಗತ್ತಿರಲಿಲ್ಲ, ಮೆತ್ತಗಿತ್ತು.

ಸುಂದರಿಯಕ್ಕ ತಲೆ ತಗ್ಗಿಸಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅಕ್ಕು ತನಗೆ ಗೊತ್ತಿದ್ದ ಆಸೆಗಳನ್ನೆಲ್ಲ ಮನಸ್ಸಿನಲ್ಲೇ ಹುಡುಕಿದಳು. ಹೋದ ಗಂಡನೇ? ಹಣವೇ? ಇಷ್ಟು ದೊಡ್ಡ ಮನೆಯವಳಿಗೆ ಇನ್ನೇನು ಬೇಕಾಗಿರುತ್ತದೆ?

"ಎತ್ತಿಕೊಂಡು ಹೋಗಿ ಅವರ ಚಾಪೆಯಲ್ಲಿ ಕೂರಿಸ್ಲಿ ಅಂತ" ಎಂದಳು ಸುಂದರಿಯಕ್ಕ. "ನಾನಾಗಿ ಹೋಗಿ ಕೂರ್ಲಿಕ್ಕೆ ಆಗುದಿಲ್ಲ. ಬನ್ನಿ ಅಂತ ಯಾರೂ ಒಂದು ದಿನ ಕರೀಲಿಲ್ಲ."

ಅಕ್ಕುವಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಬೆಟ್ಟದಾಚೆಯವರನ್ನೆಲ್ಲ ದಿನಾ ಕೂಗಿ ಕೂಗಿ ಕರೆದವಳು ಅವಳು. ಬಾಗಿಲ ಹಿಂದೆ, ಕೈಯಳತೆಯಲ್ಲಿದ್ದವಳನ್ನು ಕರೆಯಲು ಒಂದು ದಿನವೂ ತೋಚಿರಲಿಲ್ಲ. ಒಡತಿ, ಅವರಿಗೇನು ಎಂದು ಬಿಟ್ಟಿದ್ದಳು.

"ಹಾಗಾದ್ರೆ... ನನಗಿಲ್ಲಿ ಕೆಲಸ ಇಲ್ಲ. ಹೋಗ್ತೇನೆ" ಎಂದು ತ್ಯಾಂಪಣ್ಣ ಶಾಲಿನಿಂದ ಮುಖ ಒರೆಸಿಕೊಂಡು ಕುರ್ಚಿಯಲ್ಲಿ ಕುಸಿದ. ಬೆವರು ಒರೆಸಿದನೋ ಕಣ್ಣೊರೆಸಿದನೋ ನೋಡುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ.

ಅಕ್ಕು ಎದ್ದು ಹೊಸ್ತಿಲ ಬಳಿ ಹೋದಳು. ಮುಟ್ಟಬಹುದೋ ಇಲ್ಲವೋ ಎಂದು ಒಂದು ಕ್ಷಣ ತಡೆದಳು, ಆಮೇಲೆ ಸುಂದರಿಯಕ್ಕನ ಕೈ ಹಿಡಿದೇಬಿಟ್ಟಳು. "ಬನ್ನಿ ಸುಂದರಿಯಕ್ಕ. ಐಸಮ್ಮ, ಸ್ವಲ್ಪ ಸರಿ ಮಾರಾಯ್ತಿ." ಸುಂದರಿಯಕ್ಕ ಹೊಸ್ತಿಲು ದಾಟಿ ಬಂದು, ಊರು ನೋಡುವ ರಸ್ತೆಗೆ ಮುಖ ಮಾಡಿಯೇ ಚಾಪೆಯಲ್ಲಿ ಕೂತಳು.

"ನಿಮಗೊಂದು ಕೋಟೆ ಉಂಟು" ಎಂದು ಅಕ್ಕು ಶುರುಮಾಡಿದಳು. ಅವಳಿಗೆ ಖುಷಿಯೋ ಖುಷಿ. "ಹೊಳೆಯ ಬದಿ, ಏಳು ಬಾಗಿಲಿನದ್ದು..."

"ಗೊತ್ತುಂಟು ಗೊತ್ತುಂಟು, ಅದೆಲ್ಲ ನಾನು ಯಾವಾಗಲೋ ಕಟ್ಟಿ ಆಗಿದೆ" ಎಂದಳು ಸುಂದರಿಯಕ್ಕ. ಐಸಮ್ಮನ ಮೊರವನ್ನು ತನ್ನ ಮಡಿಲಿಗೆ ಎಳೆದುಕೊಂಡು ಒಂದು ಎಲೆ ಕೈಗೆ ತೆಗೆದಳು. "ದಂಡು ನಿನ್ನ ಕೋಟೆಯ ಹಿಂದಿನ ಬಾಗಿಲಲ್ಲಿ ನಿಂತಿದೆ ಅಕ್ಕು. ಎರಡು ವರ್ಷದಿಂದ ನಿಂತಿದೆ. ಈಗ ಎಂತ ಮಾಡ್ತಿ, ನೋಡುವ."