ಪಾದಪೂಜೆಗೆ ಜೋಡಿ

ಕೋರ್ಟಿನ ಕಾಗದದಲ್ಲಿ ನಾನು ಒಂದನೇ ಅರ್ಜಿದಾರಳು, ನನ್ನ ಗಂಡ ಎರಡನೇ ಅರ್ಜಿದಾರ. ಇಬ್ಬರೂ ಒಪ್ಪಿ ಹಾಕಿದ ಡೈವೋರ್ಸ್ ಅರ್ಜಿ. ಕುಡೀತಾರಾ ಅಂದ್ರೆ ಇಲ್ಲ, ಹೊಡೀತಾರಾ ಅಂದ್ರೆ ಅದೂ ಇಲ್ಲ. ಮಕ್ಕಳಾಗಲಿಲ್ಲ, ಮಾತೂ ನಿಂತುಹೋಯಿತು, ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರ ಹಾಗೆ ಇದ್ದು ಇದ್ದು ಸಾಕಾಯಿತು. ಇದನ್ನ ಯಾರ ಮುಂದೆ ಅಂತ ಹೇಳೋದು? ಎರಡೇಟು ಹೊಡೆದಿದ್ರಾದ್ರೂ ಹೇಳಿಕೊಳ್ಳೋಕೆ ಒಂದು ಕಾರಣ ಇರ್ತಿತ್ತು ಅಂತ ಒಮ್ಮೊಮ್ಮೆ ಅನಿಸೋದು. ಹಾಗೆ ಅನಿಸಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯ ಆಗೋದು.

ಅವರು ಕೆಂಗೇರಿಯ ಫ್ಲಾಟಿನಲ್ಲೇ ಉಳಿದರು. ನಾನು ಮಾರೇನಹಳ್ಳಿಯಲ್ಲಿ ಒಂದು ಸಣ್ಣ ಮನೆ ಹಿಡಿದೆ. ಬಸವೇಶ್ವರನಗರದಲ್ಲಿರೋ ಅಮ್ಮ ನೆಂಟರಿಗೆಲ್ಲ, ಅಳಿಯನಿಗೆ ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಆಗಿದೆ ಅಂತ ಹೇಳಿಬಿಟ್ಟಳು. ನಾನೇನು ಕಮ್ಮಿಯೇ? ದಾವಣಗೆರೆಯಿಂದ ಬಂದ ಚಿಕ್ಕಮ್ಮ, "ಅಲ್ಲಿ ಊಟಕ್ಕೆಲ್ಲ ಹೆಂಗೆ ಮಾಡ್ಕೋತಾರೆ?" ಅಂದಾಗ, ಮೆಸ್ಸಿನಲ್ಲಿ ಒಳ್ಳೆ ಜೋಳದ ರೊಟ್ಟಿ ಸಿಗುತ್ತಂತೆ ಅಂತ ಬಿಟ್ಟೆ. ನಾನು ಮಕ್ಕಳಿಗೆ ಪಾಠ ಹೇಳೋ ಹೈಸ್ಕೂಲ್ ಟೀಚರು.

ಅಷ್ಟರಲ್ಲಿ ತಮ್ಮನ ಗೃಹಪ್ರವೇಶ ಬಂತು. ಹೇರೋಹಳ್ಳಿಯಲ್ಲಿ ಸೈಟು ತಗೊಂಡು ಕಟ್ಟಿಸಿದ ಮನೆ. ಮನೆ ಚೆನ್ನಾಗಿತ್ತು, ರಸ್ತೆ ಮಾತ್ರ ದೇವರಿಗೇ ಪ್ರೀತಿ. ಸ್ವಾಮಿಗಳನ್ನ ಕರೆಸಿ ಪಾದಪೂಜೆ ಮಾಡಿಸೋದು ಅಂತ ಆಯಿತು. ನಮ್ಮಲ್ಲಿ ಮೊದಲು ಮನೆ ಯಜಮಾನರ ಜೋಡಿ ಕೂರಬೇಕು, ಆಮೇಲೆ ಮನೆ ಮಗಳು ಮತ್ತೆ ಅಳಿಯ.

"ಜೋಡಿಯಾಗಿ ಎಲ್ಲೂ ಕಾಣಿಸ್ಕೋಬೇಡಿ. ವರ್ಷದಿಂದ ಬೇರೆ ಇದೀವಿ ಅಂತ ಅರ್ಜೀಲಿ ಬರೆದಿದೀವಿ," ಅಂತ ಲಾಯರ್ ಮೇಡಂ ಮೊದಲೇ ಹೇಳಿದ್ದರು. ಅಮ್ಮನಿಗೆ ಅದನ್ನೇ ಹೇಳಿದೆ.

"ಅರ್ಧ ಗಂಟೆ ಮಣೆ ಮೇಲೆ ಕೂತ್ರೆ ನಿಮ್ಮ ಕೋರ್ಟೇನು ಮುಳುಗಿಹೋಗಲ್ಲ ಕಣೇ," ಅಂದಳು ಅಮ್ಮ.

ರೇಗಾಡಿದೆ, ಬರೋದೇ ಇಲ್ಲ ಅಂದೆ. ಅಷ್ಟೆಲ್ಲ ಹಾರಾಡಿ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಅವರಿಗೆ ಫೋನ್ ಮಾಡಿದೆ. "ರೀ" ಅನ್ನೋದು ತಾನಾಗೇ ಬಾಯಿಗೆ ಬಂತು. ನೆಂಟರ ಮುಂದೆ ನನ್ನ ಮಾನ ಹೋಗುತ್ತೆ, ಒಂದು ಸಲ ಬನ್ನಿ ಅಂದೆ. ಅವರು, "ಪಂಚೆ ಉಡಬೇಕಾ?" ಅಂತ ಕೇಳಿದರು.

ಪಂಚೆ ಉಟ್ಟುಕೊಂಡೇ ಬಂದರು. ನನ್ನ ಸೆರಗಿಗೂ ಅವರ ಶಲ್ಯಕ್ಕೂ ಗಂಟು ಹಾಕಿದರು. ನಾನು ತಂಬಿಗೆಯಿಂದ ನೀರು ಬಿಟ್ಟೆ, ಅವರು ಸ್ವಾಮಿಗಳ ಪಾದ ತೊಳೆದು ವಿಭೂತಿ ಹಚ್ಚಿ ಬಿಲ್ವಪತ್ರೆ ಇಟ್ಟರು. ನೂರು ಕಾಲ ಹೀಗೇ ಬಾಳಿ ಅಂತ ಸ್ವಾಮಿಗಳು ಅಂದಾಗ ನನಗೆ ಕತ್ತೆತ್ತೋಕೆ ಆಗಲಿಲ್ಲ. ಚಿಕ್ಕಮ್ಮ ನನ್ನ ಗಂಡನನ್ನ ಹಿಡಿದು ನಿಲ್ಲಿಸಿ ಹುಬ್ಬಳ್ಳಿ ಸೆಖೆ ಹೇಗಿದೆ ಅಂತ ಕೇಳಿದರು. ಈ ಹುಬ್ಬಳ್ಳಿ ಕತೆ ಅವರಿಗೆ ಹೇಳೋದನ್ನೇ ನಾನು ಮರೆತಿದ್ದೆ. ಅವರು ನನ್ನ ಕಡೆ ಒಂದು ಸಲ ನೋಡಿ, ಪರವಾಗಿಲ್ಲ ಚಿಕ್ಕಮ್ಮ ಅಂದರು. ತಮ್ಮ ಫೋಟೊಗಳನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿದ. ನಮ್ಮ ಜೋಡಿ ಫೋಟೊ ದೊಡ್ಡದು ಮಾಡಿ ಮಾಡಿ ನೋಡಿದೆ, ನನ್ನ ಮುಖದಲ್ಲಿ ಏನಾದ್ರೂ ಗೊತ್ತಾಗುತ್ತಾ ಅಂತ.

ಮುಂದಿನ ತಿಂಗಳು ಜಡ್ಜ್ ನಮ್ಮನ್ನ ಕೋರ್ಟಿನ ಕೌನ್ಸೆಲರ್ ಹತ್ತಿರ ಕಳಿಸಿದರು. ಅವರು ಮಾತಾಡಿಸಿ ವರದಿ ಕೊಟ್ಟರೆ ಮುಗಿಯಿತು. ನಾವಿಬ್ಬರೂ ಅವರ ಎದುರು ಕೂತಿದ್ದೀವಿ, ಬಾಗಿಲು ತಳ್ಳಿಕೊಂಡು ಅಮ್ಮ ಬಂದಳು. ಯಾರೂ ಕರೆದಿರಲಿಲ್ಲ. ಕೈಯಲ್ಲಿ ಮೊಬೈಲು, ಮೊಬೈಲಲ್ಲಿ ಆ ಫೋಟೊ.

"ನೋಡಿ ಮೇಡಂ, ಹೋದ ತಿಂಗಳು ಇಬ್ರೂ ಕೂತು ಪಾದಪೂಜೆ ಮಾಡಿದಾರೆ. ಬೇರೆ ಇದೀವಿ ಅನ್ನೋದೆಲ್ಲ ಸುಳ್ಳು. ಇದನ್ನ ನಿಲ್ಲಿಸಿಬಿಡಿ."

ಮೈಯೆಲ್ಲ ಉರಿದುಹೋಯಿತು. ನೆಂಟರಿಗೋಸ್ಕರ ಅಂತ ನನ್ನನ್ನ ಮಣೆ ಮೇಲೆ ಕೂರಿಸಿ, ಅದನ್ನೇ ಕೋರ್ಟಿಗೆ ತಂದಿದಾಳೆ. ಕೌನ್ಸೆಲರ್ ಕನ್ನಡಕ ಸರಿ ಮಾಡಿಕೊಂಡು ಫೋಟೊ ನೋಡಿದರು. ಇಬ್ಬರೂ ಒಟ್ಟಿಗಿದ್ದಾರೆ ಅಂತ ಅವರು ಬರೆದರೆ ಅರ್ಜಿ ಬಿದ್ದುಹೋಗುತ್ತೆ, ಮತ್ತೆ ಮೊದಲಿಂದ ಶುರು ಮಾಡಬೇಕು.

"ಇದೇನು?" ಅಂದರು.

"ನಂದೇ ತಪ್ಪು ಮೇಡಂ. ಹೋಳಿಗೆ ಊಟ ಅಂತ ನಾನೇ ಹೋದೆ," ಅಂದರು ನನ್ನ ಗಂಡ.

ಆ ಮನುಷ್ಯ ನನ್ನ ಮಾನ ಉಳಿಸೋಕೆ ಇನ್ನೊಂದು ಸಲ ಸುಳ್ಳು ಹೇಳ್ತಿದ್ದಾರೆ, ನಾನು ಹೇಳಿಸಿಕೊಳ್ತಾ ಇದೀನಿ. ಕೊನೆಗೆ ಬಾಯಿಬಿಟ್ಟೆ.

"ಇಲ್ಲ ಮೇಡಂ, ನಾನೇ ಕರೆಸಿದ್ದು. ಜನ ಏನಂತಾರೋ ಅಂತ ಹೆದರಿ ಕೇಳ್ಕೊಂಡೆ. ಪೂಜೆ ಮುಗಿದ ಮೇಲೆ ಅವರು ಕೆಂಗೇರಿಗೆ ಹೋದ್ರು, ನಾನು ಮಾರೇನಹಳ್ಳಿಗೆ ಹೋದೆ."

ಕೌನ್ಸೆಲರ್ ಅಮ್ಮನ ಕಡೆ ತಿರುಗಿದರು. "ಮಗಳು ಬೇಡ ಅಂದ್ರೂ ಯಾಕಮ್ಮ ಇದೆಲ್ಲ?"

"ನೀವು ಆ ಫೋಟೊದಲ್ಲಿ ನನ್ನ ನೋಡಿದ್ರಾ? ನಾನೂ ಇದೀನಿ," ಅಂದಳು ಅಮ್ಮ.

ನಾನು ಫೋನ್ ಇಸ್ಕೊಂಡೆ. ಫೋಟೊದ ಒಂದು ಅಂಚಿನಲ್ಲಿ, ಅಡುಗೆಮನೆ ಬಾಗಿಲಲ್ಲಿ, ಅಮ್ಮ ನಿಂತಿದ್ದಳು. ಅರ್ಧ ಮೈ ಮಾತ್ರ ಕಾಣ್ತಿತ್ತು. ಅಷ್ಟು ಸಲ ನೋಡಿದ ಫೋಟೊ, ಅವಳು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

"ಇವಳಪ್ಪ ಹೋದ ಮೇಲೆ ಒಂದು ಪೂಜೆಗೂ ಯಾರೂ ನನ್ನ ಮುಂದಕ್ಕೆ ಬಾ ಅಂದಿಲ್ಲ. ಬರಬೇಡ ಅಂತಾನೂ ಅಂದಿಲ್ಲ, ನಾನೇ ಹೋಗಿ ಬಾಗಿಲಲ್ಲಿ ನಿಲ್ತೀನಿ. ನಂಗೆ ವಯಸ್ಸಾಯ್ತು, ನಡೆಯುತ್ತೆ. ಇವಳು ಈಗಲೇ ಅಲ್ಲಿ ಬಂದು ನಿಲ್ಲೋದು ಬೇಡ ಅಂತ," ಅಂದಳು.

ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಅವಳ ಮಗಳು ನಾನು, ಮೊನ್ನೆ ಮಣೆ ಮೇಲೆ ಕೂತು ಪಾದೋದಕ ತಗೊಳ್ಳುವಾಗ ಅಮ್ಮ ಎಲ್ಲಿ ಅಂತ ಒಂದು ಮಾತು ಕೇಳಿರಲಿಲ್ಲ.

ಕೌನ್ಸೆಲರ್ ಇದ್ದದ್ದನ್ನ ಇದ್ದ ಹಾಗೆ ಬರೆದರು. ಜಡ್ಜ್ ನಮ್ಮಿಬ್ಬರನ್ನೂ ಮತ್ತೊಮ್ಮೆ ಕೇಳಿದರು, ಹೂಂ ಅಂದೆವು, ಡಿಕ್ರಿ ಆಯಿತು. ಹೊರಗೆ ಬಂದ ಮೇಲೆ ಅವರು, "ಅಮ್ಮನ ಮೇಲೆ ರೇಗಬೇಡ," ಅಂತ ಹೇಳಿ ಬಸ್ ಸ್ಟಾಪಿನ ಕಡೆ ಹೋದರು.

ಶ್ರಾವಣದಲ್ಲಿ ಸ್ವಾಮಿಗಳು ಮತ್ತೆ ತಮ್ಮನ ಮನೆಗೆ ಬಂದರು. ಮಣೆ ಮೇಲೆ ತಮ್ಮ, ಅವನ ಹೆಂಡತಿ. ಅಮ್ಮನ ಕೈ ಹಿಡಿದು ಎಲ್ಲರ ಎದುರೇ ಕರ್ಕೊಂಡು ಹೋಗಿ ಕೂರಿಸ್ತೀನಿ, ಯಾರು ಏನಂತಾರೆ ನೋಡೇಬಿಡೋಣ ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಹಾಲ್ ತುಂಬ ನೆಂಟರು, ಡೈವೋರ್ಸ್ ವಿಷಯ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಚಿಕ್ಕಮ್ಮ ನನ್ನನ್ನ ನೋಡಿ ಮುಖ ತಿರುಗಿಸಿಕೊಂಡರು. ನನ್ನ ಕಾಲು ಸೀದಾ ಅಡುಗೆಮನೆ ಬಾಗಿಲಿಗೆ ಹೋಯಿತು.

ಅಮ್ಮ ನನ್ನ ಮುಖ ನೋಡಲಿಲ್ಲ. "ಪಾಯಸ ತಳ ಹಿಡೀತೇನೋ ನೋಡು," ಅಂತ ಹೇಳಿ, ಸ್ವಲ್ಪ ಸರಿದು ಜಾಗ ಬಿಟ್ಟಳು.