ಶಿವಗಂಗಾ ಬಿಟ್ಟು ಬಂದ ಪ್ರಶ್ನೆ

ಕಾಶಿಯ ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿ ಶಿವಗಂಗಾ ನಡೆಸುತ್ತಿದ್ದ ಇಡ್ಲಿ ಹೋಟೆಲಿಗೆ ಬೋರ್ಡು ಇರಲಿಲ್ಲ. ಬೆಳಗ್ಗೆ ಸಾಂಬಾರಿಗೆ ಒಗ್ಗರಣೆ ಬಿದ್ದರೆ ಸಾಕು, ಕರ್ನಾಟಕದ ಯಾತ್ರಿಕರು ವಾಸನೆ ಹಿಡಿದು ಬಂದುಬಿಡುತ್ತಿದ್ದರು. ಅವಳು ಗದಗಿನ ಕಡೆಯವಳು. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ, ಕಾಶಿಯ ಮಠದಲ್ಲಿ ಪೂಜೆಗಿದ್ದ ದಾನಯ್ಯನ ಕೈಹಿಡಿದು ಇಲ್ಲಿಗೆ ಬಂದಿದ್ದಳು.

ಹಿಡಿದ ಕೆಲಸ ಬಿಡುವುದೆಂದರೆ ಅವಳಿಗೆ ಆಗದ ಮಾತು. ದಾರದ ಉಂಡೆ ಸಿಕ್ಕುಗಟ್ಟಿದರೆ ಕತ್ತರಿ ತರಲು ಒಪ್ಪುತ್ತಿರಲಿಲ್ಲ. "ಇಕಿ ಕೈಯಾಗ ಒಂದು ಗಂಟು ಕೊಟ್ರ ಮುಗೀತು ನೋಡ್ರಿ, ಅದನ್ನ ಬಿಚ್ಚೂತನಕ ನಮಗ ಊಟ ಇಲ್ಲ" ಎಂದು ದಾನಯ್ಯ ಬಂದವರೆದುರು ನಗುತ್ತಿದ್ದ.

ಒಮ್ಮೆ ಪಕ್ಕದ ಬಡಾವಣೆ ಶಿವಾಲದ ಸಣ್ಣ ಶಾಲೆಯೊಂದರಲ್ಲಿ ಗಣಿತದ ಟೀಚರು ಹೆರಿಗೆ ರಜೆಗೆ ಹೋದಾಗ ಶಿವಗಂಗಾ ಕೆಲವು ತಿಂಗಳು ಅಲ್ಲಿ ಪಾಠ ಮಾಡಿದಳು. ಭಿನ್ನರಾಶಿ ಎಂದರೆ ಬೆವರುತ್ತಿದ್ದ ಮಕ್ಕಳೆದುರು ದೋಸೆ ಇಟ್ಟುಕೊಂಡು ಕೂತು, ಕಾಲು ಭಾಗ, ಅರೆಕಾಲು ಭಾಗ ಎಂದು ಹರಿದು ಹರಿದು ಕೊಟ್ಟಳು. ಮಕ್ಕಳು ಲೆಕ್ಕವನ್ನೂ ಕಲಿತರು, ದೋಸೆಯನ್ನೂ ತಿಂದರು. ಆ ಟೀಚರು ಮರಳಿ ಬಂದ ದಿನ ದೊಡ್ಡ ಮೇಡಂ ಅವಳನ್ನು ಕರೆದು, ಬಿ.ಎಡ್. ಒಂದಿದ್ದಿದ್ದರೆ ನಿಮ್ಮನ್ನು ಬಿಡುತ್ತಲೇ ಇರಲಿಲ್ಲ ಎಂದರು. ಆ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು.

ಬಿ.ಎಡ್.ಗೆ ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕಿತ್ತು. ಮೊದಲ ಸಲ ಅವಳು ದಿಂಬಿನಷ್ಟು ದಪ್ಪದ ಗೈಡು ತಂದು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಬರೆದಳು. ರ‍್ಯಾಂಕು ಎಷ್ಟು ಹಿಂದೆ ಬಂತೆಂದರೆ, ಬಿಹಾರದ ಗಡಿಯ ಹತ್ತಿರದ ಯಾವುದೋ ಕಾಲೇಜು ಬಿಟ್ಟು ಬೇರೆಲ್ಲೂ ಸೀಟಿರಲಿಲ್ಲ. ಮನೆ, ಹೋಟೆಲು ಬಿಟ್ಟು ಅಲ್ಲಿಗೆ ಹೋಗುವುದು ಹೇಗೆ? ಮರುವರ್ಷ ಮತ್ತೆ ಅರ್ಜಿ ಹಾಕಿದಳು. ಪರೀಕ್ಷೆ ಜೂನಿನಲ್ಲಿತ್ತು. ಆದರೆ ಏಪ್ರಿಲ್ ಬರುತ್ತಲೇ ಊರ ಕಡೆ ಶಾಲೆಗಳಿಗೆ ರಜೆ ಬಿಟ್ಟಿತ್ತು, ಬಸ್ಸಿನ ಮೇಲೆ ಬಸ್ಸು ಯಾತ್ರಿಕರು. ಗೈಡಿನ ಮೇಲೆ ಹಿಟ್ಟಿನ ಧೂಳು ಕೂತಿತು.

ಅಂಥದೊಂದು ಭಾನುವಾರ ವಸುಮತಿ ಇಡ್ಲಿ ತಿನ್ನಲು ಬಂದರು. ಮೈಸೂರಿನವರು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುವವರು, ವಾರಕ್ಕೊಮ್ಮೆ ಕನ್ನಡ ಮಾತಾಡಬೇಕೆಂದೇ ಗಲ್ಲಿ ಗಲ್ಲಿ ನಡೆದು ಬರುತ್ತಿದ್ದರು. ಶಿವಗಂಗಾಳ ಮುಖ ನೋಡಿ ವಿಷಯ ಕೇಳಿದರು.

"ಓದೋಕೆ ದಿನಕ್ಕೆ ಎಷ್ಟು ಹೊತ್ತು ಸಿಗುತ್ತೆ ನಿಮಗೆ?"

"ಮಧ್ಯಾಹ್ನ ಭಾಂಡಿ ತಿಕ್ಕಿದ ಮ್ಯಾಲೆ, ಅಕ್ಕಿ ರುಬ್ಬಾಕ ಹಾಕೂಕ್ಕಿಂತ ಮೊದ್ಲ, ಒಂದು ತಾಸು ಸಿಕ್ರ ಹೆಚ್ಚರಿ. ಅಷ್ಟರಾಗ ಆ ಗೈಡು ಮುಗಿಯೂದಿಲ್ರಿ."

"ಗೈಡು ಮುಗಿಸಿ ಅಂತ ಯಾರು ಹೇಳಿದ್ದು? ಅದನ್ನ ಮುಚ್ಚಿಡಿ. ಹಳೇ ಪ್ರಶ್ನೆಪತ್ರಿಕೆ ಒಂದನ್ನ ಗಡಿಯಾರ ಇಟ್ಕೊಂಡು ಬರೀರಿ. ಎಲ್ಲೆಲ್ಲಿ ಮುಗ್ಗರಿಸ್ತೀರಿ ನೋಡೋಣ."

ಶಿವಗಂಗಾ ಆ ವಾರವೇ ಬರೆದಳು. ಮುಂದಿನ ಭಾನುವಾರ ಇಬ್ಬರೂ ಕೂತು ನೋಡಿದಾಗ ನಗು ತಡೆಯಲಾಗಲಿಲ್ಲ. ಗಣಿತ ಸರಿಯಿತ್ತು. ಆದರೆ ತರ್ಕದ ಪ್ರಶ್ನೆಯೊಂದು, ದುಂಡು ಮೇಜಿನ ಸುತ್ತ ಯಾರ ಪಕ್ಕ ಯಾರು ಕೂತರೆಂಬ ತಕರಾರು, ಅವಳ ಅರ್ಧ ಹೊತ್ತನ್ನು ನುಂಗಿತ್ತು. ಅದಕ್ಕೆ ಸರಿಯುತ್ತರ ಸಿಕ್ಕಿತ್ತು, ನಿಜ. ಅಷ್ಟರಲ್ಲಿ ಹಿಂದಿ ಭಾಗಕ್ಕೆ ಸಮಯವೇ ಉಳಿಯದೆ, ಕಣ್ಣುಮುಚ್ಚಿ ಉತ್ತರದ ಹಾಳೆಯ ಸಿಕ್ಕ ಸಿಕ್ಕ ಗುಂಡು ಕಪ್ಪು ಮಾಡಿದ್ದಳು.

"ತಪ್ಪುತ್ತರಕ್ಕೆ ಅಂಕ ಕಳೀತಾರೆ ಅನ್ನೋದು ಗೊತ್ತಿದೆ ತಾನೆ?"

"ಗೊತ್ತೈತ್ರಿ. ಆದ್ರ ಖಾಲಿ ಬಿಟ್ಟು ಬರಾಕ ಮನಸ್ಸು ಒಪ್ಪಲಿಲ್ಲ."

"ಹಾಗಾದ್ರೆ ನಿಮಗೆ ಬಂದಿರೋದು ಓದಿನ ತೊಂದರೆ ಅಲ್ಲ, ಬಿಡೋ ತೊಂದರೆ" ಎಂದರು ವಸುಮತಿ. "ನಾಲ್ಕರಲ್ಲಿ ಎರಡು ಉತ್ತರ ಖಂಡಿತ ಅಲ್ಲ ಅಂತ ಗೊತ್ತಾದ್ರೆ ಮಾತ್ರ ಊಹೆ ಮಾಡಿ. ಇಲ್ದಿದ್ರೆ ಮುಂದಕ್ಕೆ ಹೋಗಿ. ಸಿಗೋ ಆ ಒಂದು ಗಂಟೆ ಹಿಂದಿಗೆ ಕೊಡಿ."

ಹಿಂದಿಗೆ ಗುರು ಮಹಡಿಯ ಮೇಲೇ ಇದ್ದರು. ಮನೆಯೊಡತಿ ತಾರಾದೇವಿಗೆ ಕಣ್ಣಿನ ಆಪರೇಷನ್ ಆಗಿ ಪೇಪರಿನ ಅಕ್ಷರ ಕಾಣುತ್ತಿರಲಿಲ್ಲ, ಊರ ಸುದ್ದಿ ತಿಳಿಯದೆ ಜೀವ ಚಡಪಡಿಸುತ್ತಿತ್ತು. ಶಿವಗಂಗಾ ಮಧ್ಯಾಹ್ನ ಹೋಗಿ ಪೇಪರು ಓದಿ ಹೇಳತೊಡಗಿದಳು. ಹೊರಗೆ ಬಿಸಿಗಾಳಿ ಬೀಸುತ್ತಿತ್ತು. ಕಿಟಕಿಗೆ ಒದ್ದೆ ಚಾಪೆ ಇಳಿಬಿಟ್ಟ ಕೋಣೆಯಲ್ಲಿ ಮುದುಕಿ ಕಣ್ಣುಮುಚ್ಚಿ ಕೇಳುತ್ತಿದ್ದರು. ಓದಿದ್ದಾದ ಮೇಲೆ ಅದೇ ಸುದ್ದಿಯನ್ನು ಸ್ವಂತ ಮಾತಿನಲ್ಲಿ ಹೇಳಬೇಕು.

"ಫಿರ್ ಪುಲಿಸ್ ಆಯಾ" ಎಂದಳು ಒಂದು ದಿನ ಶಿವಗಂಗಾ.

"ಆಯಾ ನಹೀಂ, ಆಯೀ" ಎಂದು ತಿದ್ದಿದರು ತಾರಾದೇವಿ. ಹಿಂದಿಯಲ್ಲಿ ಪೊಲೀಸು ಸ್ತ್ರೀಲಿಂಗ, ಬಂದ ಅಲ್ಲ, ಬಂದಳು ಎನ್ನಬೇಕು.

ಅಷ್ಟುದ್ದ ಮೀಸೆಯವರೆಲ್ಲ ಸ್ತ್ರೀಲಿಂಗ ಹೇಗಾದರು ಎಂದು ಶಿವಗಂಗಾ ಕೇಳಿದ್ದಕ್ಕೆ ಮುದುಕಿಗೆ ನಕ್ಕು ನಕ್ಕು ಕೆಮ್ಮು ಬಂತು. ಮೊಸರಿನ ವಿಷಯಕ್ಕೆ ಮಾತ್ರ ಇಬ್ಬರಿಗೂ ಜಗಳವೇ ಆಯಿತು. ವ್ಯಾಕರಣದ ಪುಸ್ತಕದಲ್ಲಿ ಮೊಸರು ಪುಲ್ಲಿಂಗ, ತಾರಾದೇವಿಯ ಬಾಯಲ್ಲಿ ಸ್ತ್ರೀಲಿಂಗ. ಬನಾರಸಿನಲ್ಲಿ ಹುಟ್ಟಿ ಬೆಳೆದ ತನಗೆ ಪುಸ್ತಕ ಬರೆದವನು ಮೊಸರು ಕಲಿಸುತ್ತಾನೆಯೇ ಎಂದು ಅವರು ಒಂದು ಮಧ್ಯಾಹ್ನವಿಡೀ ಮುನಿಸಿಕೊಂಡಿದ್ದರು. ಪರೀಕ್ಷೆಯಲ್ಲಿ ಪುಸ್ತಕದ ಮೊಸರು, ಮನೆಯಲ್ಲಿ ತಾರಾದೇವಿಯ ಮೊಸರು ಎಂದು ವಸುಮತಿ ತೀರ್ಪು ಕೊಟ್ಟರು.

ವಾರ ಕಳೆದಂತೆ ನಾಲಿಗೆ ಹಗುರವಾಯಿತು, ಕಣ್ಣು ಸಾಲಿನ ಮೇಲೆ ಓಡತೊಡಗಿತು. ಬಿಡುವುದನ್ನು ಕಲಿಯುವುದೇ ಕಷ್ಟವಾಯಿತು. ಹಳೆಯ ಪ್ರಶ್ನೆಪತ್ರಿಕೆ ಬರೆಯುವಾಗ ದಾನಯ್ಯ ಎದುರು ಕೂತು, ಅವಳ ಹುಬ್ಬು ಗಂಟಿಕ್ಕಿದ ಕೂಡಲೇ "ದಾಟು, ಮುಂದ ದಾಟು" ಎನ್ನುತ್ತಿದ್ದ. ಮೊದಲೆಲ್ಲ ಅವಳಿಗೆ ಸಿಟ್ಟು ಬಂತು. ಬರಬರುತ್ತ ಅವನು ಬಾಯಿ ತೆರೆಯುವ ಮೊದಲೇ ಅವಳ ಪೆನ್ನು ದಾಟತೊಡಗಿತು.

ಪರೀಕ್ಷೆಯ ದಿನ ಬೆಳಗ್ಗೆ ದಾನಯ್ಯ ಮಠದಿಂದ ರಜೆ ಪಡೆದು ಇಡ್ಲಿ ಒಲೆಯ ಮುಂದೆ ನಿಂತ. "ಹೋಗಿ ಬಾ. ಇಡ್ಲಿ ಕಲ್ಲಾದ್ರೂ ತಿಂತಾರ ನಮ್ಮ ಮಂದಿ" ಎಂದ.

ಶಿವಗಂಗಾ ಮೊದಲು ಹಿಂದಿ ಮುಗಿಸಿದಳು. ಆಮೇಲೆ ಗಣಿತ, ಸಾಮಾನ್ಯ ಜ್ಞಾನ. ಕೊನೆಗೆ ತರ್ಕದ ಪುಟ ತಿರುಗಿಸಿದರೆ, ಒಂದು ಕುಟುಂಬದ ಎಂಟು ಜನ, ಬೇರೆ ಬೇರೆ ಬಣ್ಣದ ಅಂಗಿ ತೊಟ್ಟು ಎರಡು ಸಾಲಿನಲ್ಲಿ ಎದುರುಬದುರು ಕೂತಿದ್ದರು. ಹದವಾದ ಹಿಟ್ಟಿನ ಹಾಗೆ ಸೊಗಸಾದ ಪ್ರಶ್ನೆ. ಅವಳ ಕೈ ತಡೆಯಿತು. ಎದೆ ಗಟ್ಟಿಮಾಡಿಕೊಂಡು ಆ ಕುಟುಂಬವನ್ನು ಅಲ್ಲೇ ಕೂರಿಸಿ ಮುಂದೆ ಹೋದಳು. ಉಳಿದ ಸಣ್ಣ ಪ್ರಶ್ನೆಗಳು ಸರಸರನೆ ಮುಗಿದವು. ಗಂಟೆ ಹೊಡೆಯಿತು. ಆ ಎಂಟು ಜನರ ಪ್ರಶ್ನೆಯ ಗುಂಡು ಖಾಲಿಯೇ ಉಳಿಯಿತು.

ಮನೆಗೆ ಬರುವಾಗ ಇ-ರಿಕ್ಷಾದಲ್ಲಿ ಕೂತು ಕಣ್ಣುಮುಚ್ಚಿದರೆ ಅದೇ ಎಂಟು ಜನ. ಹಸಿರು ಅಂಗಿಯ ಸೋದರಮಾವನನ್ನು ಅತ್ತ ಸರಿಸಿ, ಅತ್ತಿಗೆಯನ್ನು ಇತ್ತ ಕೂರಿಸಿ, ಎಲ್ಲರೂ ತಂತಮ್ಮ ಜಾಗಕ್ಕೆ ಬಂದಾಗ ಕಣ್ಣುಬಿಟ್ಟಳು. ಇಳಿಯಬೇಕಿದ್ದ ಸೋನಾರ್‌ಪುರ ಯಾವಾಗಲೋ ಹಿಂದೆ ಹೋಗಿ ಅಸ್ಸಿ ಬಂದಿತ್ತು. ಡ್ರೈವರ್ ಮುಖ ಮುಖ ನೋಡಿದ. ಅವಳು ನಗುತ್ತಲೇ ಇಳಿದು, ಉರಿಬಿಸಿಲಿನಲ್ಲಿ ನಡೆದೇ ವಾಪಸು ಬಂದಳು.

ಫಲಿತಾಂಶವನ್ನು ವಸುಮತಿಯೇ ಮೊಬೈಲಿನಲ್ಲಿ ನೋಡಿ, ಇನ್ನೊಮ್ಮೆ ನೋಡಿ, ಫೋನನ್ನು ಅವಳ ಕೈಗಿತ್ತರು. ಮೊದಲ ಪುಟದ ರ‍್ಯಾಂಕೇನೂ ಅಲ್ಲ. ಆದರೆ ಹಿಂದಿನ ಸಲಕ್ಕಿಂತ ಸಾವಿರಾರು ಜನರನ್ನು ದಾಟಿ ಬಂದಿದ್ದಳು. ಊರೊಳಗಿನ ಕಾಲೇಜಿನಲ್ಲಿ ಸೀಟು ಸಿಗಲು ಅಷ್ಟು ಸಾಕಿತ್ತು. ತಾರಾದೇವಿ ಸುದ್ದಿ ಕೇಳಿದ್ದೇ ಲವಂಗಲತಾ ಮಿಠಾಯಿ ತರಿಸಿ, ಗಲ್ಲಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕೂಗಿ ಹಂಚಿದರು. ಹಿಂದಿ ಕಲಿಸಿದ್ದು ತಾನೇ ಎಂದು ಪ್ರತಿಯೊಬ್ಬರಿಗೂ ಹೇಳಿದರು.

ಕಾಲೇಜು ಶುರುವಾದ ದಿನ ಹೋಟೆಲಿನ ಮುಂದೆ ಹಾವೇರಿಯ ಯಾತ್ರಿಕರ ಗುಂಪು ನಿಂತಿತ್ತು. ಬಾಯಿಗೆ ಹಿಡಿಸುವ ಸಾಂಬಾರು ಮಾಡುವುದನ್ನು ದಾನಯ್ಯ ಅಷ್ಟರಲ್ಲಿ ಕಲಿತಿದ್ದ. ಶಿವಗಂಗಾ ಸೆರಗು ಸಿಕ್ಕಿಸಿಕೊಂಡು ಚೀಲ ಹೆಗಲಿಗೇರಿಸಿದಳು. "ಇಕಿ ಒಬ್ಬಾಕಿ ಹೊಂಟಾಳಲ್ಲ, ಎಲ್ಲಿಗ್ರಿ?" ಎಂದು ಗುಂಪಿನಲ್ಲಿದ್ದ ಅಜ್ಜಿಯೊಬ್ಬಳು ಕೇಳಿದಳು.

"ಸಾಲಿ ಕಲಿಯಾಕ ಹೊಂಟಾಳವ್ವ" ಎಂದ ದಾನಯ್ಯ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುತ್ತ. "ನೀವು ಕೂಡ್ರಿ, ಬಿಸಿ ಅದಾವ."