ಕರವಸ್ತ್ರಕ್ಕೆ ಹತ್ತಿದ ಹರಳು

ಒಂಬೈನೂರು ಡಿಗ್ರಿ ಕಾವಿನಲ್ಲಿ ಸತುವಿನ ಆಕ್ಸೈಡಿನ ಹರಳು ಬೆಳೆಸುವುದು ನನ್ನ ಪಿಎಚ್‌ಡಿ ಕೆಲಸ. ಸಂಭಾಜಿನಗರದ ನಮ್ಮ ಪ್ರಯೋಗಾಲಯದ ಕುಲುಮೆಯೋ ಮಹಾ ಹಟಮಾರಿ. ಆರು ಸಲ ಕೈಕೊಟ್ಟು, ಏಳನೆಯ ಸಲ ಉಗುರಿನಗಲದ ಸಿಲಿಕಾನ್ ಚೂರಿನ ಮೇಲೆ ಬೂಷ್ಟಿನಂತೆ ಬೆಳ್ಳಗೆ ಏನೋ ಕೂತಿತು. ಆ ಬಿಳುಪೆಲ್ಲ ಬರಿಗಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಹರಳುಗಳು. ಮಧ್ಯಾಹ್ನ ಎರಡಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನನ್ನ ಸರದಿ. ಅದು ತಪ್ಪಿದರೆ ಮತ್ತೊಂದು ತಿಂಗಳು. ಅಷ್ಟರಲ್ಲಿ ಪ್ರಬಂಧ ಒಪ್ಪಿಸುವ ಗಡುವೇ ಮುಗಿಯುತ್ತಿತ್ತು.

ಅವತ್ತೇ ಅಪ್ಪ ನಾಸಿಕದಿಂದ ಯೇವಲಾ ಮೇಲೆ ಹಾದು ಬರುವ ಬಸ್ಸಿನಲ್ಲಿ ರೊಟ್ಟಿ ಬುತ್ತಿ ಹಿಡಿದು ಬಂದರು. ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೋಹ ಕಾಯಿಸಿ ನಿವೃತ್ತರಾದವರು. ಮಗಳ ಕುಲುಮೆ ನೋಡುವ ಆಸೆ. ನಾನು ಕೈ ತೊಳೆದು ಬರುವಷ್ಟರಲ್ಲಿ ಸಿಲಿಕಾನ್ ಚೂರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಅಪ್ಪಾ! ಏನ್ ಮಾಡಿದ್ರಿ ಇದು?"

"ಹೊಲಸಾಗಿತ್ತವಾ, ಒರಸಿದೆ. ಇನ್‌ಸ್ಪೆಕ್ಷನ್‌ಗೆ ಹೊಲಸ್ ಪಾರ್ಟ್ ಕೊಡ್ತಾರೇನು?"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಅದ ನನ್ನ ಹರಳು! ನಿಮಗೇನ್ ತಿಳೀತದರಿ ಇದರಾಗ? ಸುಮ್ನ ಕುಂದ್ರಾಕ ಬರೂದಿಲ್ಲೇನು?" ಅಂದುಬಿಟ್ಟೆ. ಪಕ್ಕದ ಮೇಜಿನ ಮರಾಠಿ ಹುಡುಗಿಯರೂ ತಿರುಗಿ ನೋಡಿದರು.

ಅಪ್ಪನ ಮುಖ ಸಣ್ಣದಾಯಿತು. ಮಡಚಿದ ಕರವಸ್ತ್ರವನ್ನು ಮೆಲ್ಲಗೆ ಮುಂದೆ ಹಿಡಿದರು. "ಜಾಡಿಸಿಲ್ಲವಾ. ನಮ್ಮ ಕಾರ್ಖಾನ್ಯಾಗ ಒರಸಿದ ಅರಿವಿ ಜಾಡಸಂಗಿಲ್ಲ, ಏನ್ ಹತ್ತೇದ ಅಂತ ಮೊದಲ ನೋಡ್ತೀವಿ."

ಇಂಗಾಲದ ಅಂಟುಪಟ್ಟಿಯನ್ನು ಆ ಬಟ್ಟೆಗೆ ಒತ್ತಿ, ಅದಕ್ಕೆ ಅಂಟಿ ಬಂದ ಬಿಳುಪಿನ ಸಮೇತ ಸೂಕ್ಷ್ಮದರ್ಶಕದ ಕೋಣೆಗೆ ಓಡಿದೆ. ಎರಡು ಗಂಟೆಗೆ ಪರದೆಯ ಮೇಲೆ ಮೊದಲು ಕಂಡದ್ದು ಹಗ್ಗದಷ್ಟು ದಪ್ಪನೆಯ ಹತ್ತಿ ಎಳೆ. ಆಮೇಲೆ ಅದರ ಪಕ್ಕ, ಅಬ್ಬಾ, ನಾಲ್ಕು ಕಾಲಿನ ಹರಳುಗಳು! ಬಹಳಷ್ಟರ ಕಾಲು ಮುರಿದಿದ್ದವು. ಕೆಲವು ಮಾತ್ರ ಇಡಿಯಾಗಿದ್ದವು; ನನ್ನ ಪ್ರಬಂಧಕ್ಕೆ ಅಷ್ಟೇ ಸಾಕಿತ್ತು. ನನಗೆ ಅಳು ಬಂತು.

ಹಿಂದೆಯೇ ಬಂದಿದ್ದ ಅಪ್ಪ ಕನ್ನಡಕ ಏರಿಸಿ ಪರದೆಯತ್ತ ಬಗ್ಗಿ ನೋಡಿದರು. "ಎಷ್ಟ್ ಚಂದ ಅದಾವ. ನನ್ನ ಕೈಯಾಗ ಎಷ್ಟ್ ಮುರದ್ವೋ ಏನೋ," ಎಂದರು. ನನಗೆ ನನ್ನ ಮಾತಿನ ಮೇಲೇ ನಾಚಿಕೆಯಾಯಿತು. ಆದರೂ ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ.

ಆ ಚಿತ್ರವೇ ಪ್ರಬಂಧಕ್ಕೆ ಹೋಯಿತು. ಮೌಖಿಕ ಪರೀಕ್ಷೆಯ ದಿನ ಅಪ್ಪ ಹಿಂದಿನ ಸಾಲಿನಲ್ಲಿ ಕೂತಿದ್ದರು. ಪರೀಕ್ಷಕರು ಚಿತ್ರದತ್ತ ಬೆರಳು ಮಾಡಿ, ಈ ಹಗ್ಗದಂಥದ್ದು ಏನಮ್ಮಾ ಎಂದು ಕೇಳಿದರು.

"ನಮ್ಮಪ್ಪನ ಕರವಸ್ತ್ರದ ಎಳೆ," ಅಂದೆ. ಸಭೆ ನಕ್ಕಿತು. ಅಪ್ಪ ತಲೆ ತಗ್ಗಿಸಿದರು.

"ಅವರು ಅದನ್ನು ಜಾಡಿಸಲಿಲ್ಲ ಸರ್," ಅಂದೆ. "ಅದಕ್ಕೇ ನಾನಿವತ್ತು ಇಲ್ಲಿ ನಿಂತಿದ್ದೇನೆ."

ಅಪ್ಪ ತಲೆಯೆತ್ತಿ ನೋಡಿದರು.